ಯಾರೂ ಓ ಅನ್ನದ ಅಮಾವಾಸ್ಯೆ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮನೆಗೆ ಬಂದ ದಿನವೇ ನನಗೆ ಸೇರಲಿಲ್ಲ. ಅವಳು ಮಾಡಿದ್ದಾದರೂ ಏನು? ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಬಂದಳು, ಅತ್ತೆಯ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು. ಎದ್ದು ನಿಂತವಳೇ ಸೆರಗು ಸರಿಮಾಡಿಕೊಂಡು, ನೀವು ಬರೆದ ಪ್ರೋಗ್ರಾಂ ಒಮ್ಮೆ ತೋರಿಸುತ್ತೀರಾ ಅಕ್ಕಾ ಎಂದು ಕೇಳಿದಳು. ಕೈಗೆ ಹಚ್ಚಿದ ಅರಿಶಿಣ ಇನ್ನೂ ಒಣಗಿಲ್ಲ, ಆಗ ಕೇಳುವ ಮಾತೇ ಅದು? ನೋಡೋಣ ಎಂದು ನಕ್ಕು ಒಳಗೆ ಹೋದೆ.

ಆ ಪ್ರೋಗ್ರಾಂ ಇದ್ದದ್ದರಿಂದಲೇ ನಾನು ದಿನಾ ಮನೆಯ ಹೊಸ್ತಿಲು ದಾಟುತ್ತಿದ್ದೆ. ಅದು ಗೊತ್ತಾದರೆ ಉಳಿದದ್ದೆಲ್ಲ ತಿಳಿಯುತ್ತದೆ.

ನಮ್ಮದು ಸೀರೆಯ ಮನೆತನ. ಮಗ್ಗಗಳು ಬನಹಟ್ಟಿಯಲ್ಲಿ, ಮಾವನ ಅಣ್ಣನ ಕೈಯಲ್ಲಿ. ಅವರನ್ನು ನಾವು ದೊಡ್ಡಮಾವ ಎನ್ನುತ್ತಿದ್ದೆವು. ಜಮಖಂಡಿ ಪೇಟೆಯ ಅಂಗಡಿ ನನ್ನ ಗಂಡನದು. ಮುಧೋಳದ ಅಂಗಡಿಗೆ ಮಾವ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬೀಳಗಿಯಲ್ಲಿ ಅತ್ತೆಯ ತಮ್ಮ ಕೂರುತ್ತಿದ್ದರು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟ ಮಂದಿ ಆ ಕಡೆ ಹೊಸ ಪ್ಲಾಟುಗಳಲ್ಲಿ ಮನೆ ಕಟ್ಟಿಕೊಂಡ ಮೇಲೆ, ಗೃಹಪ್ರವೇಶ, ಮದುವೆ, ಸೀಮಂತ ಅಂತ ಅಲ್ಲಿಯ ವ್ಯಾಪಾರವೂ ಏರಿತ್ತು. ಮೈದುನ ಒಂದೆಡೆ ಕೂರುವವನಲ್ಲ, ನೂಲು ತರಲು ಸೊಲ್ಲಾಪುರ, ಇಚಲಕರಂಜಿ ಎಂದು ತಿರುಗುತ್ತಿದ್ದ.

ನಾಲ್ಕು ಕಡೆ ಒಂದೇ ಮನೆಯ ಮಾಲು ಇದ್ದರೆ ಆಗುವ ಗೋಳು ಸೀರೆ ಮಾರಿದವರಿಗೇ ಗೊತ್ತು. ಗಿರಾಕಿ ಒಂದು ಸೀರೆ ತೆಗೆಸುತ್ತಾಳೆ, ದಡಿ ಇದೇ ಇರಲಿ, ಮೈಬಣ್ಣ ಮಾತ್ರ ಗಿಣಿಹಸಿರು ಬೇಕು ಎನ್ನುತ್ತಾಳೆ. ಗಿಣಿಹಸಿರು ಬೀಳಗಿಯಲ್ಲಿ ಇರಬಹುದು, ಮುಧೋಳದಲ್ಲಿ ಇರಬಹುದು. ನನ್ನ ಗಂಡ ಮೂರೂ ಕಡೆ ಫೋನ್ ಮಾಡಿ ಮುಗಿಸುವ ಹೊತ್ತಿಗೆ ಆಕೆ ಎದುರಿನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿರುತ್ತಿದ್ದಳು. ನಾನು ಮದುವೆಗೆ ಮುಂಚೆ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ಇದಕ್ಕೊಂದು ದಾರಿ ಇದೆ ಎಂದು ಗಂಡನಿಗೆ ಹೇಳಿದೆ. ಅವರು ನಂಬಲಿಲ್ಲ. ನಂಬದಿದ್ದರೂ ನಾಲ್ಕೂ ಕಡೆಗೆ ಒಂದೊಂದು ಕಂಪ್ಯೂಟರ್ ಮಷಿನ್ ತರಿಸಿದರು, ಅಷ್ಟು ಒಳ್ಳೆಯವರು.

ಅದು ಲೋಡ್ ಶೆಡ್ಡಿಂಗ್ ಕಾಲ. ಜಮಖಂಡಿಯಲ್ಲಿ ಕರೆಂಟ್ ಇದ್ದಾಗ ಮುಧೋಳದಲ್ಲಿ ಇಲ್ಲ, ಮುಧೋಳದಲ್ಲಿ ಬಂದರೆ ಬೀಳಗಿಯಲ್ಲಿ ಹೋಗಿರುತ್ತಿತ್ತು. ಒಂದು ಮಷಿನ್ನನ್ನು ಯಜಮಾನ ಮಾಡಿ ಉಳಿದವನ್ನು ಅದರ ಕೈಕೆಳಗೆ ಹಾಕಿದರೆ, ಆ ಯಜಮಾನನ ಕರೆಂಟ್ ಹೋದಾಗ ನಾಲ್ಕೂ ಊರು ಕುರುಡಾಗುತ್ತವೆ. ಅದಕ್ಕೇ ಯಜಮಾನನೇ ಇಲ್ಲದ ಹಾಗೆ ಬರೆದೆ. ನಾಲ್ಕೂ ಸಮ, ಒಂದು ಇನ್ನೊಂದರ ಜೊತೆ ನೇರ ಮಾತಾಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಪೀರ್ ಟು ಪೀರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಸಮ ಎನ್ನುವ ಸಂಗತಿ ಯಾರೂ ಕಂಡದ್ದಲ್ಲ, ಆದ್ದರಿಂದ ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಬೆಳಿಗ್ಗೆ ಅಂಗಡಿಯ ಮಷಿನ್ ಹಚ್ಚಿದ ಕೂಡಲೇ ಪ್ರೋಗ್ರಾಂ ಉಳಿದ ಮೂರನ್ನೂ ಕೂಗುತ್ತದೆ. ಬನಹಟ್ಟಿಯಲ್ಲಿ ಮಾರಾಟವಿಲ್ಲ, ಅದು ತಾನಾಗಿ ಕೂಗುವುದಿಲ್ಲ, ಕೂಗಿದವರಿಗೆ ಉತ್ತರ ಕೊಡುತ್ತದೆ ಅಷ್ಟೇ. ಎದ್ದಿರುವ ಮಷಿನ್ ಓ ಅನ್ನುತ್ತದೆ, ಜೊತೆಗೆ ಈಗ ಯಾರ್ಯಾರು ಎದ್ದಿದ್ದಾರೆ ಎಂಬುದನ್ನೂ ಹೇಳುತ್ತದೆ. ಆ ಹೆಸರುಗಳನ್ನು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಂಡು ಮುಂದಿನ ಕೆಲಸ ಶುರುವಾಗುತ್ತದೆ. ವೇರಿಯಬಲ್ ಅಂದರೆ ಅಡುಗೆಮನೆಯ ಡಬ್ಬಿ ಇದ್ದ ಹಾಗೆ, ಮೇಲೆ ಹೆಸರು, ಒಳಗೆ ಸಾಮಾನು. ಈ ಡಬ್ಬಿಗೆ ನಾನು ಇಟ್ಟ ಹೆಸರು ಮಂದಿ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ, ಒಂದು ಕಬ್ಬಿಣದ ಮಡಚುವ ಕುರ್ಚಿ ಹಾಕಿಸಿಕೊಂಡು ಇದೆಲ್ಲ ಬರೆದೆ. ಮೊದಲ ದಿನ ಬೀಳಗಿಯ ಗಿಣಿಹಸಿರು ಜಮಖಂಡಿಯ ಪರದೆಯ ಮೇಲೆ ಕಂಡಾಗ ನನ್ನ ಗಂಡ ಪೇಡೆ ತಂದು ಹಂಚಿದರು.

ಅಂದಿನಿಂದ ಆ ಕುರ್ಚಿ ನನ್ನದು. ಬೆಳಗಿನ ರೊಟ್ಟಿ ಮುಗಿಸಿ, ಸೀರೆ ಬದಲಿಸಿ, ಪೇಟೆಯಲ್ಲಿ ನಡೆದು ಹೋಗಿ ಅದರಲ್ಲಿ ಕೂತರೆ ನನಗೆ ಉಸಿರು ಬಂದ ಹಾಗೆ. ಹನ್ನೊಂದಕ್ಕೆ ಎದುರಿನ ಹೋಟೆಲಿನಿಂದ ಚಹಾ ಬರುತ್ತಿತ್ತು, ಬೇರೆಯವರು ಮಾಡಿದ ಚಹಾ. ಅದರ ರುಚಿ ಮನೆಯಲ್ಲಿ ಕೂತ ಹೆಂಗಸರನ್ನು ಕೇಳಿ.

ಹೊಸ ಸೊಸೆ ಬಂದ ಮೇಲೆ ಅತ್ತೆ ಒಂದು ಕಾನೂನು ಮಾಡಿದರು. ಒಬ್ಬಾಕಿ ಅಂಗಡಿಯಲ್ಲಿ, ಒಬ್ಬಾಕಿ ಒಲೆಯ ಮುಂದೆ. ಇಬ್ಬರೂ ಹೊರಬಿದ್ದರೆ ಇಷ್ಟು ಮಂದಿಗೆ ರೊಟ್ಟಿ ಬಡಿಯುವವರು ಯಾರು? ಮಾತು ನ್ಯಾಯವಾಗಿಯೇ ಇತ್ತು. ಆದರೆ ಕುರ್ಚಿ ಒಂದೇ, ಮತ್ತು ಹೊಸಬಳು ನನ್ನ ಹಾಗೆ ಡಿಪ್ಲೊಮಾ ಅಲ್ಲ, ಬಿ.ಇ. ಮಾಡಿದವಳು. ಇವತ್ತಲ್ಲ ನಾಳೆ ಅವಳು ಅದನ್ನು ಕೇಳುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು.

ಅವಳು ಕೇಳಲಿಲ್ಲ. ಅದು ಇನ್ನೂ ತಲೆ ಕೆಡಿಸಿತು.

ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಡಿದದ್ದೆಲ್ಲ ಅಂಚು ಹರಿದು ಭಾರತದ ನಕಾಶೆಯಾಗುತ್ತಿತ್ತು. ನಾನು ಹೊಸದರಲ್ಲಿ ಹಾಗೆ ಮಾಡಿದಾಗ ಅತ್ತೆ ಬೈದಿದ್ದರು. ಇವಳದನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು, ನಕಾಶೆಯ ಒಂದು ತುದಿ ಮುರಿದು ತಾವೇ ತಿಂದರು. ಕೆಲಸ ಮುಗಿದ ಮೇಲೂ ಅವಳು ಅಡುಗೆಮನೆ ಬಿಟ್ಟು ಏಳುತ್ತಿರಲಿಲ್ಲ. ನಾಳೆಗೆ, ನಾಡಿದ್ದಿಗೆ ಆಗುವಷ್ಟು ಬಳ್ಳೊಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು. ಇನ್ನೊಂದು ಚಾಳಿ ಇತ್ತು. ಪಡಸಾಲೆಯಲ್ಲಿ ಕೂತ ಅತ್ತೆಯನ್ನು ಒಳಗಿನಿಂದ 'ಅತ್ತೀ' ಎಂದು ಕೂಗುವಳು. ಅವರು 'ಓ' ಎಂದರೆ, 'ಏನಿಲ್ಲರಿ' ಎನ್ನುವಳು. ದಿನಕ್ಕೆ ಎಷ್ಟು ಸಲವೋ. ನನ್ನನ್ನೂ ಹಾಗೇ ಕೂಗುತ್ತಿದ್ದಳು. ನಾನು ಕೈಯಲ್ಲಿಯ ಕೆಲಸ ಬಿಟ್ಟು ಓ ಅನ್ನಬೇಕು, ಅವಳು ಏನಿಲ್ಲ ಅನ್ನಬೇಕು. ಬೆಣ್ಣೆ ಹಚ್ಚುವ ಕಲೆ ಇದು, ಕುರ್ಚಿಗೆ ದಾರಿ ಅಡುಗೆಮನೆಯಿಂದಲೇ ಹೋಗುತ್ತದೆ ಎಂದು ತಿಳಿದುಕೊಂಡಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ.

ಅವಳ ಉಡಿ ತುಂಬಲು ಬನಹಟ್ಟಿಗೆ ಕರೆದರು. ಹೋಗಿ ಬಂದಾಗ ಅವಳ ಬಾಯಲ್ಲಿ ಮಗ್ಗದ್ದೇ ಮಾತು, ದೊಡ್ಡಮಾವನ ಬಾಯಲ್ಲಿ ಅವಳದ್ದೇ ಮಾತು. ನಾನು ಸೊಸೆಯಾಗಿ ಹೋದಾಗ ಅವರು ಕುಪ್ಪಸದ ಖಣ ಕೊಟ್ಟು ಕಳಿಸಿದ್ದರು. ಅವಳಿಗೆ ಸ್ವಂತ ಕೈಯಿಂದ ಮಗ್ಗ ನಡೆಸಿ ತೋರಿಸಿದ್ದರಂತೆ. ನಾನು ಆ ರಾತ್ರಿ ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಅದಾದ ಮೇಲೆ ಬಂದ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಪ್ರೋಗ್ರಾಂ ನಿಂತಿತು.

ಮಷಿನ್ ಹಚ್ಚಿದೆ. ಕಪ್ಪು ಕಿಟಕಿ ತೆರೆಯಿತು, ಸ್ವಲ್ಪ ಹೊತ್ತು ತಡೆದು, ಇಂಗ್ಲಿಷಿನಲ್ಲಿ ಒಂದು ಸಾಲು ಕಾರಿ ಸುಮ್ಮನಾಯಿತು. ಮಂದಿ ಎಂಬ ಹೆಸರು ಡಿಫೈನ್ ಆಗಿಲ್ಲ. ನೀನು ಮಂದಿ ಮಂದಿ ಅನ್ನುತ್ತಿದ್ದೀಯಲ್ಲ, ಹಾಗೆಂದರೆ ಏನೆಂದು ನನಗೆ ಯಾರೂ ಹೇಳಿಲ್ಲ, ಎಂಬುದು ಅದರ ತಕರಾರು. ಮತ್ತೆ ಹಚ್ಚಿದೆ, ಮತ್ತೆ ಅದೇ. ಅಷ್ಟರಲ್ಲಿ ಮುಧೋಳದಿಂದ ಮಾವನ ಫೋನು, ಅಲ್ಲಿಯೂ ಅದೇ. ಬೀಳಗಿಯಲ್ಲಿಯೂ ಅದೇ. ಕೋಡನ್ನು ಮೇಲಿಂದ ಕೆಳಗೆ ಓದಿದೆ. ಮಂದಿ ಎಂಬುದನ್ನು ನಾನು ಡಿಫೈನ್ ಮಾಡಿದ ಸಾಲು ಕಣ್ಣೆದುರಿಗೇ ಇತ್ತು. ಅಕ್ಷರವೂ ತಪ್ಪಿರಲಿಲ್ಲ. ಇಡೀ ದಿನ ನನ್ನ ಗಂಡ ಮೊದಲಿನ ಹಾಗೆ ಫೋನಿನ ಮೇಲೆಯೇ ವ್ಯಾಪಾರ ಮಾಡಿದರು.

ಮರುದಿನ ಹಚ್ಚಿದರೆ ಎಲ್ಲ ಸುಸೂತ್ರ. ಸರಿ ಮಾಡಿದೆಯಾ ಎಂದು ಅವರು ಕೇಳಿದರು, ನಡೆದಿದೆಯಲ್ಲ ಎಂದೆ. ಇಲ್ಲದ ಎರರ್ ಹುಡುಕುವುದು ಕಷ್ಟ. ದಿನಾ ಹುಡುಕಿದೆ, ದಿನಾ ಪ್ರೋಗ್ರಾಂ ನನ್ನನ್ನು ಅಣಕಿಸುವ ಹಾಗೆ ನೆಟ್ಟಗೆ ನಡೆಯಿತು.

ಮುಂದಿನ ಅಮಾವಾಸ್ಯೆಗೆ ಮತ್ತೆ ನಿಂತಿತು. ಈ ಸಲ ಮನೆಯಲ್ಲಿ ಎಲ್ಲರಿಗೂ ಕಾರಣ ಹೊಳೆದುಬಿಟ್ಟಿತ್ತು. ಮಾವ ಮುಧೋಳದ ಮಷಿನ್ನಿಗೆ ಲಿಂಬೆಹಣ್ಣು ಕಟ್ಟಿದರು. ಅತ್ತೆ, ಅಮಾವಾಸ್ಯೆಗೆ ಮಗ್ಗಕ್ಕೆ ಸುಟ್ಟಿ ಇರುತ್ತದೆ, ಪಾಪ ಇದಕ್ಕೂ ಬೇಕಲ್ಲ ಎಂದು ನಕ್ಕರು. ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಮಾತ್ರ ನಗಲಿಲ್ಲ. ಸಣ್ಣಾಕೆಗೂ ಒಮ್ಮೆ ತೋರಿಸೋಣ ಎಂದರು. ನಾನು ಬಡಿಸುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಿದರು.

'ಆಕಿ ಸರಿ ಮಾಡಿದಳು ಅಂದ್ರ ಆಕೀನ ಕುಂದರಲಿ ಬಿಡು ಅಂಗಡ್ಯಾಗ. ನಿನಗೂ ಅಡ್ಡಾಡಿ ಅಡ್ಡಾಡಿ ಸಾಕಾಗಿರತೈತಿ.'

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದೇ ನನ್ನ ಹಣೆಬರಹ, ನಮ್ಮ ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಯಾರ ಮೇಲೂ ಬಾಯಿಬಿಟ್ಟು ಸಿಟ್ಟು ಮಾಡುವ ಹಾಗಿಲ್ಲ.

ಊಟವಾದ ಮೇಲೆ ನಾವಿಬ್ಬರೂ ಅಂಗಡಿಗೆ ಹೊರಟೆವು. ಪೇಟೆಯಲ್ಲಿ ಅವಳು ನನ್ನ ಪಕ್ಕದಲ್ಲೇ ನಡೆಯುತ್ತ, ಎಡಕ್ಕೆ ಬಲಕ್ಕೆ ನೋಡುತ್ತ, ಬಳೆಗಾರರ ಅಂಗಡಿಯ ಮುಂದೆ ನಿಂತು ಅತ್ತೆಗೆ ಹಸಿರು ಬಳೆ ಒಯ್ಯೋಣವೇ ಎಂದು ಕೇಳಿದಳು. ನಾನು ಬಿರಬಿರನೆ ಮುಂದೆ ನಡೆದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇವಳು ಬರುವ ಮೊದಲು ಪ್ರೋಗ್ರಾಂ ಒಂದು ಅಮಾವಾಸ್ಯೆಗೂ ನಿಂತಿರಲಿಲ್ಲ. ಇವಳು ಬನಹಟ್ಟಿಗೆ ಹೋಗಿ ಬಂದ ಮೇಲೆ ನಿಲ್ಲುತ್ತಿದೆ.

ಅಂಗಡಿ ಮುಟ್ಟಿದ ಕೂಡಲೇ ದೊಡ್ಡಮಾವನಿಗೆ ಫೋನ್ ಹಚ್ಚಿದೆ. ನಿಮ್ಮ ಮಷಿನ್ನಿಗೆ ಏನಾದರೂ ಮಾಡಿದ್ದೀರಾ ಎಂದು ಕೇಳಿದೆ. ಏನೂ ಇಲ್ಲ, ಬಂದ್ ಇದೆಯಲ್ಲ, ಪೂಜೆ ಮಾಡಿದ್ದೇವೆ ಎಂದರು. ಯಾಕೆ ಬಂದ್? ಮೊದಲೆಲ್ಲ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವಾಗ, ಕಂಪ್ಯೂಟರನ್ನು ಮಾತ್ರ ಹಚ್ಚಿಟ್ಟೇ ಕುಂಕುಮ ಏರಿಸುತ್ತಿದ್ದರಂತೆ, ಪರದೆ ಬೆಳಗುತ್ತಿದ್ದರೆ ದೀಪ ಹಚ್ಚಿದ ಹಾಗೆ ಕಾಣುತ್ತದೆ ಎಂದು. ಸಣ್ಣ ಸೊಸೆ ಬಂದಾಗ, ಹಚ್ಚಿದ ಮಷಿನ್ನಿನ ಒಳಗೆ ಕುಂಕುಮ, ವಿಭೂತಿ ಹೋದರೆ ಕೆಡುತ್ತದೆ, ಪೂಜೆಯ ದಿನ ಪೂರ್ತಿ ಬಂದ್ ಇಡಿ ಎಂದಳಂತೆ. ಅಂದಿನಿಂದ ಹಾಗೇ ಮಾಡುತ್ತಿದ್ದೇವೆ, ಶಾಣ್ಯಾ ಹುಡುಗಿ ಎಂದರು.

ಸಿಕ್ಕಳು. ಆ ಸಂತೋಷವನ್ನು ನಾನು ಹೇಗೆ ಹೇಳಲಿ. ಸೀಮೆಗಿಲ್ಲದ ಬುದ್ಧಿವಂತಿಕೆ ತೋರಿಸಲು ಹೋಗಿ ಮೂರೂ ಅಂಗಡಿ ನಿಲ್ಲಿಸಿದವಳು ಇವಳೇ. ಫೋನ್ ಇಟ್ಟು ತಿರುಗಿ ನೋಡಿದೆ. ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು.

ಕೂರು ಎಂದು ಹೇಳಿದವರು ನನ್ನ ಗಂಡ. ಹೇಳಿ ಗಿರಾಕಿಯ ಕಡೆ ಹೋಗಿದ್ದರು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಒಂದು ಬೆರಳನ್ನು ಪರದೆಗೆ ತಾಗದ ಹಾಗೆ ಹಿಡಿದು, ನಾನು ಬರೆದದ್ದನ್ನು ಓದುತ್ತಿದ್ದಳು. ನಾನು ಹಿಂದೆ ನಿಂತೆ. ನನ್ನ ಕೋಡನ್ನು ಬೇರೆಯವರು ಓದಿದ್ದು ಅದೇ ಮೊದಲು. ಮೈಮೇಲೆ ಬಟ್ಟೆ ಇಲ್ಲದ ಹಾಗೆ ಆಯಿತು. ಅಚ್ಚುಕಟ್ಟಾಗಿದೆ ಅಕ್ಕಾ ಎಂದಳು. ಬೇಕಾಗಿರಲಿಲ್ಲ ನನಗೆ ಅವಳ ಸರ್ಟಿಫಿಕೇಟು.

ಬನಹಟ್ಟಿಯ ವಿಷಯ ಹೇಳಿದೆ. ನೀನು ಬಂದ್ ಇಡಲು ಹೇಳಿದ್ದರಿಂದಲೇ ಇದೆಲ್ಲ ಎಂದು ನೇರವಾಗಿಯೇ ಹೇಳಿದೆ. ಅವಳು ಹೌದೇನ್ರಿ ಎಂದು ತಲೆ ಎತ್ತಿದಳು, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಮತ್ತೆ ಪರದೆಯ ಕಡೆ ತಿರುಗಿದಳು. ಬನಹಟ್ಟಿಯ ಮಷಿನ್ನಿಗೆ ಇನ್ವರ್ಟರ್ ಇದೆ, ನಸುಕಿನ ಪಾಳಿಗೇ ಅದನ್ನು ಹಚ್ಚುತ್ತಾರೆ, ಹಾಗಾಗಿ ನಾವು ಹಚ್ಚುವ ಹೊತ್ತಿಗೆ ದಿನಾ ಅದು ಎದ್ದೇ ಇರುತ್ತದೆ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ಕೇಳಿದಳು.

'ಅಕ್ಕಾ, ನಾವು ಕೂಗಿದಾಗ ಯಾರೂ ಓ ಅನ್ನದಿದ್ದರ?'

'ಹಂಗ ಹೆಂಗಾಕ್ಕೈತಿ? ಯಾರರ ಒಬ್ಬರು ಇದ್ದ ಇರ್ತಾರಲಾ' ಎಂದೆ.

ಎಂದ ಮೇಲೆ ನನಗೇ ಕೇಳಿಸಿತು ನಾನು ಅಂದದ್ದು.

ಮಂದಿ ಎಂಬ ಡಬ್ಬಿಯನ್ನು ನಾನು ಇಟ್ಟದ್ದು, ಯಾರಾದರೂ ಓ ಅಂದರೆ ಮಾತ್ರ ನಡೆಯುವ ಸಾಲಿನಲ್ಲಿ. ಯಾರೂ ಅನ್ನದಿದ್ದರೆ ಡಬ್ಬಿಯೇ ಇಲ್ಲ. ಬನಹಟ್ಟಿ ಮಲಗಿದ ದಿನ ಮೊದಲು ಎದ್ದದ್ದು ಜಮಖಂಡಿ. ಅದು ಕೂಗಿತು, ಉತ್ತರ ಬರಲಿಲ್ಲ, ಇಲ್ಲದ ಡಬ್ಬಿಗೆ ಕೈ ಹಾಕಿ ಬಿತ್ತು. ಆಮೇಲೆ ಎದ್ದ ಮುಧೋಳಕ್ಕೆ ಓ ಅನ್ನಲು ಜಮಖಂಡಿಯೂ ಉಳಿದಿರಲಿಲ್ಲ, ಅದೂ ಬಿತ್ತು. ಹೀಗೆ ಒಂದರ ಹಿಂದೆ ಒಂದು. ಪರೀಕ್ಷೆಯಲ್ಲಿ ಕೇಳಿದ್ದರೆ ಡಿಪ್ಲೊಮಾದ ಮೊದಲ ವರ್ಷದ ಹುಡುಗಿಯೂ ಹೇಳುವ ತಪ್ಪು ಅದು. ಆದರೆ ನನಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ಬರುವುದಾದರೂ ಹೇಗೆ? ತವರಿನಲ್ಲಿ ಮೂರು ಮಂದಿ ಚಿಕ್ಕಪ್ಪಂದಿರ ಸಂಸಾರ, ಇಲ್ಲಿ ಇಷ್ಟು ದೊಡ್ಡ ಮನೆ. ನಾನು ಹುಟ್ಟಿದಾಗಿನಿಂದ ಕೂಗಿದರೆ ಯಾರೋ ಒಬ್ಬರು ಓ ಅಂದೇ ಅಂದಿದ್ದಾರೆ. ಬೇಡವೆಂದರೂ ಅಂದಿದ್ದಾರೆ. ಎಷ್ಟು ಬೇಗ ಎದ್ದರೂ ನನಗಿಂತ ಮೊದಲು ಎದ್ದವರೊಬ್ಬರು ಬಚ್ಚಲ ಒಲೆಗೆ ಉರಿ ಹಾಕುತ್ತಿರುತ್ತಿದ್ದರು.

ನಿನಗೆ ಇದು ತಟ್ಟನೆ ಹೇಗೆ ಹೊಳೆಯಿತು ಎಂದು ಕೇಳಿದೆ. ಕೇಳಿದ್ದು ಹೊಟ್ಟೆಯುರಿಯಿಂದ. ಅವಳು ಹೇಳಿದಳು. ಅವಳಿಗೆ ತಂದೆ ಇರಲಿಲ್ಲ, ಒಡಹುಟ್ಟಿದವರೂ ಇರಲಿಲ್ಲ. ತಾಯಿ ಬಿಜಾಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಶಾಲೆಯಿಂದ ಬಂದರೆ ಕದಕ್ಕೆ ಬೀಗ. ಬೀಗ ಕಾಣುತ್ತಿದ್ದರೂ ಅವಳು ಮೊದಲು ಅವ್ವಾ ಎಂದು ಕೂಗುತ್ತಿದ್ದಳಂತೆ, ಆಮೇಲೆ ಕೊರಳಲ್ಲಿಯ ಕೀಲಿ ತೆಗೆಯುತ್ತಿದ್ದಳಂತೆ. 'ಒಳಗ ಹ್ವಾದ ಮ್ಯಾಲ ಎರಡು ತಾಸು ನಾ ಒಬ್ಬಾಕಿನರಿ' ಎಂದಳು.

ಅಯ್ಯೋ ಅನ್ನಬೇಕಾದ ಜಾಗ ಅದು. ಖರೆ ಹೇಳುತ್ತೇನೆ, ನನಗೆ ಅನ್ನಿಸಿದ್ದು ಬೇರೆ. ಎರಡು ತಾಸು ಪೂರ್ತಿ ಮನೆ ಒಬ್ಬಳಿಗೇ. ಒಳಗಿನಿಂದ ಅಗಳಿ ಹಾಕಿಕೊಂಡು ಕಾಲು ಚಾಚಿದರೆ ಕೇಳುವವರಿಲ್ಲ. ಅದು ಚಿಕ್ಕಂದಿನಲ್ಲೇ ಸಿಕ್ಕಿಬಿಟ್ಟಿತ್ತು ಇವಳಿಗೆ. ನನಗೆ ಸಿಕ್ಕದ್ದು ಒಂದು ಮಡಚುವ ಕುರ್ಚಿ, ಅದರಲ್ಲಿಯೂ ಈಗ ಇವಳೇ ಕೂತಿದ್ದಾಳೆ.

ಅವಳು ಎದ್ದಳು. ನೀವೇ ಬರೆಯಿರಿ, ಕೋಡು ನಿಮ್ಮದು ಎಂದು ಕುರ್ಚಿ ಸರಿಸಿದಳು. ನಾನು ಕೂತು, ಕೂಗುವ ಸಾಲಿನ ಮೇಲೆ ಹೊಸದೊಂದು ಸಾಲು ಬರೆದು, ಡಬ್ಬಿಯನ್ನು ಮೊದಲೇ ಖಾಲಿ ಇಟ್ಟೆ. ಅವಳು ಹಿಂದಿನಿಂದ ಬಾಗಿ ನೋಡಿದಳು.

'ಖಾಲಿ ಇಡಬ್ಯಾಡ್ರಿ ಅಕ್ಕಾ. ನಾವರ ಇರ್ತೀವಲಾ.'

ಮಂದಿಯ ಡಬ್ಬಿಯಲ್ಲಿ ಮೊದಲು ಜಮಖಂಡಿಯನ್ನೇ ಹಾಕಿದೆ. ಹಚ್ಚಿದೆ. ಕೂಗಿತು, ಕಾಯಿತು, ಯಾರೂ ಓ ಅನ್ನಲಿಲ್ಲ. ಪರದೆಯ ಮೇಲೆ ಜಮಖಂಡಿ ಎಂಬ ಒಂದೇ ಹೆಸರು ಬಂದು ಪ್ರೋಗ್ರಾಂ ಮುಂದೆ ನಡೆಯಿತು. ಮಾವನಿಗೆ ಹಚ್ಚಲು ಹೇಳಿದೆ. ಮುಧೋಳ ಕೂಗಿದ ಕೂಡಲೇ ನಮ್ಮದು ಓ ಅಂದಿತು. ಬೀಳಗಿಯೂ ಎದ್ದಿತು, ಆಮೇಲೆ ಅವೆರಡರಲ್ಲೂ ಇದೇ ಸಾಲನ್ನು ಆಯಾ ಊರಿನ ಹೆಸರು ಹಾಕಿ ಸೇರಿಸಿದೆವು. ಲಿಂಬೆಹಣ್ಣಿನ ಗುಣ ನೋಡು ಎಂದು ಮಾವ ಫೋನಿನಲ್ಲಿ ಖುಷಿಪಟ್ಟರು.

ಸಂಜೆ ಮನೆಯಲ್ಲಿ ಅತ್ತೆ ಕೇಳಿದರು, ಯಾರು ಸರಿ ಮಾಡಿದವರು ಎಂದು. ಅವಳು ಕಾಲು ಮಡಚಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಅಕ್ಕಾರೇ ಎಂದಳು. ಅವಳ ಭಿಕ್ಷೆ ನನಗೆ ಬೇಕಾಗಿರಲಿಲ್ಲ. ಇಬ್ಬರೂ ಕೂಡಿ ಮಾಡಿದೆವು ಎಂದೆ. ಬನಹಟ್ಟಿಯ ಮಷಿನ್ ಬಂದ್ ಇಡಿಸಿದವಳು ಇವಳೇ ಎಂಬುದನ್ನೂ ಬಿಡದೆ ಹೇಳಿದೆ. ಕುಂಕುಮ ಬಿದ್ದರೆ ಕೆಡುವುದು ಖರೆಯಲ್ಲವೇ, ಛಲೋ ಹೇಳಿದ್ದಾಳೆ ಎಂದರು ಅತ್ತೆ. ಮತ್ತೆ ಅವರೇ ಮುಂದುವರಿಸಿದರು.

'ಹಂಗಂದ್ರ ಇಬ್ಬರಿಗೂ ಬರತೈತಿ. ನಿಮ್ಮ ಮಾವಾರ ಮೊಣಕಾಲಿಗೆ ಬಸ್ಸು ಹತ್ತೂದ ಆಗವಲ್ದು. ಸಣ್ಣಾಕಿ ಗಂಡನ್ನ ಕರಕೊಂಡು ಮುಧೋಳದಾಗ ಮನಿ ಮಾಡಲಿ. ನೀ ಇಲ್ಲೇ ಇರು.'

ಕುರ್ಚಿ ಉಳಿಯಿತು. ನನ್ನ ಒಳಗೆ ಹಲಗೆ ಬಾರಿಸಿದಂತಾಯಿತು. ಅವಳ ಬೆರಳು ಬಳ್ಳೊಳ್ಳಿಯ ಮೇಲೆ ನಿಂತದ್ದನ್ನು ನೋಡಿದೆ. ಖುಷಿ ಬಚ್ಚಿಟ್ಟುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಹೌದಲ್ಲ, ಸ್ವಂತ ಮನೆ ಎಂದರೆ ಯಾರಿಗೆ ಬೇಡ.

ನನ್ನ ಗೆಲುವು ಅವಳ ಸಾಮಾನು ಕಟ್ಟುವ ತನಕ ಬಾಳಿತು. ಹೊಸ ಪಾತ್ರೆ, ಹೊಸ ಹಂಚು, ಒಲೆ. ಮುಧೋಳದ ಅಂಗಡಿಯ ಮೇಲೆಯೇ ಎರಡು ಕೋಣೆ, ಹಿಂದೆ ಮೆಟ್ಟಿಲು. ಮೈದುನ ಹೊಸ ಬೀಗ ತಂದು ಕೀಲಿಯನ್ನು ಅವಳ ಕೈಗೆ ಕೊಟ್ಟ. ನಾನು ಈ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು, ಒಂದು ಕೀಲಿಯೂ ನನ್ನ ಸೊಂಟಕ್ಕೆ ಬಂದಿರಲಿಲ್ಲ. ನಮ್ಮ ಮನೆಗೆ ಬೀಗವೇ ಬೀಳುವುದಿಲ್ಲ, ಯಾವಾಗಲೂ ಯಾರಾದರೂ ಇರುತ್ತಾರೆ. ನಾನು ಕುರ್ಚಿ ಉಳಿಸಿಕೊಂಡೆ, ಅವಳಿಗೆ ಕುರ್ಚಿಯ ಜೊತೆಗೆ ಮನೆಯೂ ಸಿಕ್ಕಿತು. ಟೆಂಪೋ ಹೊರಟಾಗ ಅವಳು ಅತ್ತೆಯನ್ನು ತಬ್ಬಿಕೊಂಡು ಅತ್ತಳು. ನಾಟಕಕ್ಕೂ ಒಂದು ಮಿತಿ ಬೇಡವೇ ಎಂದು ನಾನು ಒಳಗೆ ಹೋದೆ.

ಆಮೇಲೆ ದಿನಾ ಬೆಳಿಗ್ಗೆ ನಾನು ಮಷಿನ್ ಹಚ್ಚಿದಾಗ ಬನಹಟ್ಟಿಯ ಹೆಸರಿನ ಜೊತೆ ಮುಧೋಳದ್ದೂ ಇರುತ್ತಿತ್ತು. ಇಷ್ಟು ಬೇಗ ಎದ್ದು ಅಂಗಡಿಗೆ ಇಳಿದಿದ್ದಾಳಲ್ಲ, ಇವಳಿಗೆ ರೊಟ್ಟಿಯ ರಗಳೆ ಇಲ್ಲ, ಇಬ್ಬರಿಗೆ ಎರಡು ಬಡಿದರೆ ಮುಗಿಯಿತು ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಅವಳ ಹೆಸರಲ್ಲ, ಊರಿನ ಹೆಸರು ಕಂಡರೂ ಉರಿ. ಮೈದುನ ನೂಲಿಗೆ ಹೋದನೆಂದರೆ ಎರಡೂ ಕೋಣೆ ಅವಳೊಬ್ಬಳದೇ ಎಂದು ಬೇರೆ ನೆನಪಾಗುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಜಮಖಂಡಿಯ ಅಂಗಡಿ ಮಧ್ಯಾಹ್ನದ ಮೇಲೆಯೇ ತೆಗೆಯುವುದು. ಬೀಳಗಿಯವರೂ ಬನಹಟ್ಟಿಯ ಹೆಂಗಸರೂ ನಮ್ಮಲ್ಲಿಗೇ ಬಂದಿದ್ದರು. ಪಡಸಾಲೆಯಲ್ಲಿ ಮಕ್ಕಳು ಹಸಿ ಮಣ್ಣಿನ ಎತ್ತು ಮಾಡಿ ಕೋಡಿಗಾಗಿ ಜಗಳಾಡುತ್ತಿದ್ದವು. ಅಡುಗೆಮನೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಒಂದು ಕಡೆ ರೊಟ್ಟಿಯೂ ನಡೆದಿತ್ತು. ಬರಬೇಕಾಗಿದ್ದವಳು ಅವಳೊಬ್ಬಳೇ ಬಂದಿರಲಿಲ್ಲ. ಮೈದುನ ಇಚಲಕರಂಜಿಯಲ್ಲಿದ್ದ, ಹಬ್ಬದ ದಿನ ಮೂರೂ ಅಂಗಡಿ ಒಮ್ಮೆಗೇ ಮುಚ್ಚುವ ಹಾಗಿರಲಿಲ್ಲ, ಮುಧೋಳದ್ದು ಅವಳ ಪಾಲಿಗೆ ಬಂದಿತ್ತು. ನನ್ನ ಕೈ ಹಿಟ್ಟಿನಲ್ಲಿತ್ತು, ಆಗ ಮೊಬೈಲ್ ಬಡಿದುಕೊಂಡಿತು.

'ಅಕ್ಕಾ, ಮುಂಜಾನಿಂದ ಯಾರೂ ಓ ಅಂದಿಲ್ಲರಿ' ಎಂದಳು.

ಪ್ರೋಗ್ರಾಂ ನಿಂತಿತೇ ಎಂದು ಕೇಳಿದೆ. ಇಲ್ಲ, ಪರದೆಯ ಮೇಲೆ ಮುಧೋಳ ಒಂದೇ ಇದೆ, ಎಲ್ಲ ಛಲೋ ನಡೆದಿದೆ ಎಂದಳು. ಮತ್ತೇನು ಎಂದೆ. ಅವಳು ಏನಿಲ್ಲರಿ ಎಂದಳು. ಹಳೆಯ ಚಾಳಿ. ಹೋ ಎಂದು ಉರಿ ಏರಿತು ನನಗೆ. ಇಲ್ಲಿ ಬೆನ್ನು ಮುರಿಯುತ್ತಿದೆ, ನಿನಗೇನು ತಾಯಿ, ಸ್ವಂತ ಮನೆ, ಸ್ವಂತ ಕೀಲಿ, ಸ್ವಂತ ಮಷಿನ್ನು, ಕೇಳುವವರಿಲ್ಲ ಹೇಳುವವರಿಲ್ಲ, ಪುಣ್ಯ ಮಾಡಿ ಹುಟ್ಟಿದವಳು ಎಂದು ಅಷ್ಟೂ ದಿನ ನುಂಗಿದ್ದನ್ನು ನಗುವಿನ ದನಿಯಲ್ಲೇ ಅಂದುಬಿಟ್ಟೆ. ಫೋನ್ ಕಡಿಯಿತೇನೋ ಎಂದು ನಾನು ಎರಡು ಸಲ ಹಲೋ ಅಂದೆ.

'ನಿಮ್ಮ ಕುರ್ಚಿ ನನಗ ಎಂದೂ ಬೇಕಾಗಿರಲಿಲ್ಲ ಅಕ್ಕಾ' ಎಂದಳು. 'ನಾ ಆ ಮನಿ ನೋಡಿ ಲಗ್ನಾ ಮಾಡಿಕೊಂಡಾಕಿ. ಅಷ್ಟು ಮಂದಿ ಅದಾರ ಅಂತ.'

ಕೈಯ ಹಿಟ್ಟು ಒಣಗಿ ಬಿರಿಯುತ್ತಿತ್ತು. ಹಿಂದೆ ಯಾವುದೋ ಮಗುವಿನ ಎತ್ತು ಮುರಿದು ರಂಪಾಟ ಶುರುವಾಗಿತ್ತು. ಏನದು ಎಂದು ಅವಳು ಕೇಳಿದಳು, ಹೇಳಿದೆ. ಅಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಎಂದು ಕೇಳಿದಳು, ಅತ್ತೆ ಎಂದೆ. ಮಾತಾಡುವುದೇನೂ ಬೇಡ, ಫೋನನ್ನು ಹಾಗೇ ಅಡುಗೆಮನೆಯಲ್ಲಿ ಇಟ್ಟು ನಿಮ್ಮ ಕೆಲಸ ಮಾಡಿ ಎಂದಳು.

ಸ್ಪೀಕರ್ ಹಾಕಿ, ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟೆ. ಯಾರದು ಎಂದು ಅತ್ತೆ ಹುಬ್ಬಿನಲ್ಲೇ ಕೇಳಿದರು. ಸಣ್ಣಾಕೆ, ಸುಮ್ಮನೆ ಕೇಳುತ್ತಿದ್ದಾಳೆ ಎಂದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ನೆಲಕ್ಕೆ ಊರಿ, ಫೋನಿನ ಕಡೆ ಬಾಗಿದರು.

'ಓ' ಎಂದರು. ಅವಳು ಕೂಗಿರಲೇ ಇಲ್ಲ. 'ಉಂಡೇನ ಯವ್ವಾ?'

ನಾನು ಹಿಟ್ಟು ನಾದುತ್ತಿದ್ದೆ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ಅತ್ತೆ ನನ್ನನ್ನು ಒಮ್ಮೆಯೂ ಉಂಡೆಯಾ ಎಂದು ಕೇಳಿರಲಿಲ್ಲ. ನಾನು ಕಣ್ಣೆದುರಿಗೇ ಇರುತ್ತಿದ್ದೆನಲ್ಲ, ಕೇಳುವ ಪ್ರಮೇಯವೇ ಬಂದಿರಲಿಲ್ಲ. ಅದು ಗೊತ್ತಿದ್ದೂ, ಅವಳ ಮಾತು ಇನ್ನೂ ಕಿವಿಯಲ್ಲಿ ಇದ್ದಾಗಲೂ, ನನಗೆ ಹೊಟ್ಟೆಕಿಚ್ಚಾಯಿತು. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ತೋಳಿಗೆ ಒರೆಸಿಕೊಂಡು ಇನ್ನೊಂದು ಉಂಡೆ ಮಾಡಿ ಅತ್ತೆಯ ಕಡೆ ಸರಿಸಿದೆ.